ಮುಯ್ಯಿಗೆ ಬಂದ ಪರದೇಶಿ

ನಾ ಸಂಶಯ ಮಾಡಿ ಪಗಾರ ತಗೊಂಡ ಮನಷ್ಯಾ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಓದ್ತಾ ಓದ್ತಾ ಈ ಮುದುಕಗ ಯಾರ ಮ್ಯಾಲೂ ನಂಬಿಗಿ ಇಲ್ಲೇನು ಅಂತ ನಿಮಗ ಅನಿಸ್ತದ. ಇಲ್ಲ. ಈಗೂ ಇಲ್ಲ. ಹಾಲಿನವ ಎರಡ ದಿನ ತಪ್ಪಿಸಿ ಆಮ್ಯಾಲ ಬಂದು, ಆರಾಮ ಇರಲಿಲ್ರಿ ಅಂದ್ರ, ಅವನ ಚಪ್ಪಲಿಗೆ ಹತ್ತಿದ ಮಣ್ಣು ಯಾವ ಊರಿಂದು ಅಂತ ನೋಡ್ತೀನಿ. ನನ್ನ ಹೆಂಡ್ತಿ ಇದಕ್ಕ ರೋಗ ಅಂತಾಳ. ಇಲಾಖೆದವರು ಇದಕ್ಕ ಸ್ಪೆಷಲ್ ಬ್ರ್ಯಾಂಚ್ ಅಂದ್ರು.

ಹೊಸದಾಗಿ ಪೊಲೀಸಿಗೆ ಸೇರಿದ ಹುಡುಗ್ರು ಆಗಾಗ ಮನಿಗೆ ಬರ್ತಾರ. ಕಾಕಾ, ನಿಮ್ಮ ಕಾಲದಾಗ ಹ್ಯಾಂಗಿತ್ತು ಅಂತ ಕೇಳ್ತಾರ. ಯಾಕ ಕೇಳಾಕತ್ತಾರ, ಯಾರ ಕಳಿಸ್ಯಾರ ಅಂತ ಒಂದ ಘಳಿಗಿ ವಿಚಾರ ಮಾಡಿ ಆಮ್ಯಾಲ ಹೇಳ್ತೀನಿ. ಪ್ರಮೋಷನ್ ಕತಿ ನನ್ನ ಕಡೆ ಇಲ್ಲ. ಸಿಪಾಯಿ ಅಂತ ಸೇರಿದೆ, ಜಮಾದಾರ ಆಗಿ ಮನಿಗೆ ಬಂದೆ. ಪುಸ್ತಕದಾಗ ಹೆಡ್ ಕಾನ್‌ಸ್ಟೇಬಲ್ ಅಂತಿದ್ರೂ ನಮ್ಮ ಕಡೆ ಮಂದಿ ಕಡೀತನಕ ಜಮಾದಾರ್ರ ಅಂತಾನೇ ಕರದ್ರು.

ನಾ ಸೇರಿದಾಗ ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕ ಬಂದಿತ್ತು. ನಾ ಓದಿದ್ದು ಉರ್ದು ಶಾಲಿ. ಹುಮನಾಬಾದ ಠಾಣೆದಾಗ ಹಳೇ ಕಾಗದಾ ಎಲ್ಲಾ ಉರ್ದು, ಮ್ಯಾಲಿಂದ ಬರೋ ಹುಕುಂ ಇಂಗ್ಲಿಷ್, ನಡುವ ನಾವು ಕನ್ನಡ ಬರಿಯೋದು ಕಲಿಬೇಕಾಗಿತ್ತು. ನನಗ ಕನ್ನಡ ಅಕ್ಷರ ತಿದ್ದಿಸಿದವ ಲಾಕಪ್ಪಿನಾಗ ಕುಂತಿದ್ದ ಒಬ್ಬ ಸೈಕಲ್ ಕಳ್ಳ. ಸೊಲ್ಲಾಪುರ ಕಡೆ ಕನ್ನಡ ಶಾಲಿ ಕಲತವ. ಅವ ಸರಳಿನ ಆ ಕಡೆ, ನಾ ಈ ಕಡೆ. ಕಳ್ಳ ಕಲಿಸಿದ ಅಕ್ಷರ ಖರೆ ಇರ್ತಾವೋ ಇಲ್ಲೋ ಅಂತ ದಿನಾ ಸಂಜಿಗೆ ಹೋಗಿ ಒಬ್ಬ ಮಾಸ್ತರಿಗೆ ತೋರಿಸಿ ಬರ್ತಿದ್ದೆ. ಎಲ್ಲಾ ಖರೆ ಇದ್ದವು. ಅದಕ್ಕೂ ನನಗ ಸಂಶಯನೇ ಆಯ್ತು, ಇಷ್ಟು ಓದಿದವ ಸೈಕಲ್ ಯಾಕ ಕದ್ದ ಅಂತ.

ಈ ಗುಣ ನೋಡೇ ಇರಬೇಕು, ಮುಂದ ನನ್ನ ಸ್ಪೆಷಲ್ ಬ್ರ್ಯಾಂಚಿಗೆ ಹಾಕಿದ್ರು. ಖಾಕಿ ಇಲ್ಲ, ಲಾಠಿ ಇಲ್ಲ. ಬಸ್ ಸ್ಟ್ಯಾಂಡ್, ಚಹಾದ ಹೋಟೆಲ್, ಸಭೆ, ಸಂತಿ ಎಲ್ಲಾ ಕಡೆ ನಿಂತು ಮಂದಿ ಏನ ಮಾತಾಡ್ತಾರ ಕೇಳೋದು, ಬರಿಯೋದು, ಬೀದರಿಗೆ ಕಳಿಸೋದು.

ಎಂಬತ್ತರ ಇಸವಿ ಸುಮಾರಿಗೆ ಕಲ್ಯಾಣದಾಗ ಒಂದು ಖಾಸಗಿ ಕಾಲೇಜಿಗೆ ಪರದೇಶದ ಹುಡುಗ್ರು ಬರಾಕತ್ತಿದ್ರು. ಬಸವಕಲ್ಯಾಣಕ್ಕ ನಾವು ಬರೇ ಕಲ್ಯಾಣ ಅಂತೀವಿ. ಕಾಲೇಜಿನ ಹೆಸರು ಬ್ಯಾಡ, ಅದಕ್ಕ ಕಾರಣ ಮುಂದ ಗೊತ್ತಾಗ್ತದ. ಸುಡಾನ, ಯೆಮೆನ, ಜೋರ್ಡಾನ ಅಂತ ದೇಶಗಳ ಹೆಸರು ಬಂದಾಗ ನಮ್ಮ ಆಫೀಸಿನವರು ಶಾಲಿಯಿಂದ ನಕಾಶಾ ತರಿಸಿ ಗೋಡಿಗೆ ಹಚ್ಚಿ ಹುಡುಕಿದ್ರು. ನನಗ ಉರ್ದು ಲಿಪಿ ಬರ್ತದ, ಕಲ್ಯಾಣದ ಬಸ್ಸಿನ ಹೊತ್ತು ಗೊತ್ತದ ಅಂತ ಆ ಕೆಲಸಾ ನನ್ನ ಕೊಳ್ಳಿಗೆ ಬಿತ್ತು.

ಕಾಯ್ದೆ ಸಾದಾ ಇತ್ತು. ಓದಾಕ ಅಂತ ವಿಸಾ ತಗೊಂಡು ಬಂದವ ಓದಬೇಕು, ಅದೂ ವಿಸಾದಾಗ ಹೇಳಿದ ಕಾಲೇಜಿನಾಗೇ. ಬಂದ ಕೂಡಲೇ ಬೀದರದಾಗ ಎಸ್.ಪಿ. ಆಫೀಸಿಗೆ ಹೋಗಿ ಹೆಸರು ಹಚ್ಚಬೇಕು. ಹೇಳಿದ ಮನ್ಯಾಗೇ ಇರಬೇಕು. ಮನಿ ಬದಲಿಸಿದ್ರ ಹೇಳಬೇಕು, ಭಾಳ ದಿನಾ ಊರು ಬಿಟ್ರ ಹೇಳಬೇಕು. ನೌಕರಿ, ಕೂಲಿ, ವ್ಯಾಪಾರ ಏನೂ ಮಾಡಂಗಿಲ್ಲ. ವರ್ಷಾ ವರ್ಷಾ ಇಲ್ಲಿರೋ ಪರವಾನಗಿ ಮುಂದುವರಿಸ್ಕೋಬೇಕು. ಅದಕ್ಕ ಕಾಲೇಜಿನವರು ಇವ ಓದಾಕತ್ತಾನ ಅಂತ ಬರೀಬೇಕು, ಪೊಲೀಸರು ಇವನ ಮ್ಯಾಲ ತಕರಾರು ಇಲ್ಲ ಅಂತ ಬರೀಬೇಕು. ಆ ಎರಡನೇ ಮಾತು ನನ್ನ ಕಡೆಯಿಂದ ಹೋಗ್ತಿತ್ತು. ಅದು ಹೋಗಲಿಲ್ಲಂದ್ರ ಹುಡುಗ ಅರ್ಧ ಓದು ಬಿಟ್ಟು ದೇಶದ ಹೊರಗ.

ಮೊದಲು ನಾ ಮಾಡಿದ ಫಜೀತಿ ಹೇಳ್ತೀನಿ, ನಕ್ಕು ಮುಗಿಸಿಬಿಡ್ರಿ. ಕಲ್ಯಾಣದ ಒಂದು ಹೋಟೆಲಿನಾಗ ಇಬ್ಬರು ಯೆಮೆನಿ ಹುಡುಗ್ರು ತಲಿಗೆ ತಲಿ ಹಚ್ಚಿ ಅರಬ್ಬಿಯೊಳಗ ಮಾತಾಡಾಕತ್ತಿದ್ರು. ಒಬ್ಬ ಟೇಬಲ್ ಗುದ್ದಿದ, ಇನ್ನೊಬ್ಬ ಅತ್ತಾಗ ಇತ್ತಾಗ ನೋಡಿದ. ನನಗ ಅಷ್ಟೇ ಸಾಕಾಯ್ತು. ಅರಬ್ಬಿ ತಿಳೀದಿದ್ರೂ ಲಿಪಿ ಬರ್ತದಲ್ಲ, ಕಿವಿಗೆ ಬಿದ್ದದ್ದೆಲ್ಲಾ ಬೀಡಿ ಕಟ್ಟಿನ ಕಾಗದದ ಮ್ಯಾಲ ಬರಕೊಂಡು, ಮೊಹರು ಮಾಡಿ, ಅರ್ಜೆಂಟ್ ಅಂತ ಬೀದರಿಗೆ ಕಳಿಸಿದೆ. ಬೀದರದವರು ಒಬ್ಬ ಮೌಲ್ವಿ ಸಾಹೇಬ್ರಿಗೆ ಓದಿಸಿದ್ರು. ಮೂರು ದಿನದಿಂದ ಅನ್ನ ಮಾಡೋ ಗುಂಡಿ ನಾನೇ ತಿಕ್ಕಾಕತ್ತೀನಿ, ಇವತ್ತ ನಿನ್ನ ಪಾಳಿ ಅಂತ ಒಬ್ಬ ಜಗಳಾ ತಗದಿದ್ನಂತ. ಮುಂದ ನಾ ಬೀದರಿಗೆ ಹೋದಾಗೆಲ್ಲಾ ಅಲ್ಲಿ ಕಾರಕೂನರು, ಜಮಾದಾರ್ರ, ಗುಂಡಿ ಯಾರ ತಿಕ್ಕಿದ್ರು ಅಂತ ಕೇಳ್ತಿದ್ರು.

ಆಗ ಹುಮನಾಬಾದಿನಾಗ ನಮ್ಮ ಇನ್‌ಸ್ಪೆಕ್ಟರ್ ಕರೀಂ ಸಾಹೇಬ್ರು. ನಿಜಾಮನ ಕಾಲದ ತಾಲೀಮಿನವರು, ಪಾನ್ ಬಾಯಾಗ ಇಟಕೊಂಡೇ ಮಾತಾಡೋರು. ಅವರು ನಗಲಿಲ್ಲ. ಕರದು ಕುಂಡರಿಸಿ, ಮಾತು ಕೇಳಬ್ಯಾಡ, ಒಲಿ ನೋಡು ಅಂತ ಹೇಳಿದ್ರು. ಹುಡುಗ ಆ ಮನ್ಯಾಗ ಇರ್ತಾನೋ ಇಲ್ಲೋ ಗೊತ್ತಾಗಬೇಕಂದ್ರ ಪಾಸ್‌ಪೋರ್ಟ್ ನೋಡಿ ಉಪಯೋಗ ಇಲ್ಲ, ಸ್ಟೋವಿನ ಬತ್ತಿ ಸುಟ್ಟದೋ, ನೀರಿನ ಕೊಡದ ಕೆಳಗ ಹಸಿ ಅದನೋ, ಅದನ್ನ ನೋಡಬೇಕು. ಮಾಲಕನ್ನ ಕೇಳಬಾರದು, ಬಾಜೂ ಮನಿಯವರನ್ನ ಕೇಳಬೇಕು. ಹೊಸಾ ಪೊಲೀಸ್ ಹುಡುಗ್ರ, ನೀವು ಈಗ ಏನೇನೋ ಮಶೀನು ಇಟಕೊಂಡೀರಿ, ಇದನ್ನೂ ಇಟಕೊಳ್ರಿ.

ಆ ಬುದ್ಧಿ ಒಂದ ಸಲ ಭಾಳ ಕೆಲಸಕ್ಕ ಬಂತು. ಒಬ್ಬ ಜೋರ್ಡಾನಿನ ಹುಡುಗನ ಹೆಸರು ಕಾಲೇಜಿನ ಹಾಜರಿಯೊಳಗ ದಿನಾ ಬರ್ತಿತ್ತು. ಕೋಣಿಗೆ ಹೋಗಿ ನೋಡಿದ್ರ ಸ್ಟೋವಿನ ಬತ್ತಿ ಅಂಗಡಿಯಿಂದ ತಂದಾಗ ಹ್ಯಾಂಗ ಬೆಳ್ಳಗಿರ್ತದ ಹಾಂಗೇ ಇತ್ತು. ಹುಡುಕಿಸಿದ್ರ ಮುಂಬೈದಾಗ ಅತ್ತರ ಅಂಗಡಿಯೊಳಗ ನೌಕರಿ ಮಾಡೂವಾಗ ಸಿಕ್ಕ. ಹಾಜರಿ ಹಾಕಿದ ಕಾರಕೂನ, ಎಲ್ಲಾ ಹುಡುಗ್ರೂ ಒಂದೇ ತರ ಕಾಣಸ್ತಾರ್ರಿ ಅಂದ. ಕಾಲೇಜಿನ ಹೆಸರು ಬ್ಯಾಡ ಅಂದದ್ದು ಇದಕ್ಕೇ. ದೇಶ ಬಿಡೋ ಹುಕುಂ ಬಂತು, ಆ ಹುಡುಗನ್ನ ಹೈದರಾಬಾದಿನ ತನಕ ಬಸ್ಸಿನಾಗ ನಾನೇ ಕರಕೊಂಡು ಹೋದೆ. ಮನ್ನಾಏಖೇಳ್ಳಿ ತನಕ ಸುಮ್ಮನಿದ್ದವ ಅಲ್ಲಿ ಬಸ್ ನಿಂತಾಗ ಅಳಾಕತ್ತಿದ. ಸುತ್ತಲ ಮಂದಿ ನನ್ನ ಕಡೆ ಕೆಟ್ಟ ಮಾರಿ ಮಾಡಿ ನೋಡಿದ್ರು. ನನಗ ಅವನ ಮ್ಯಾಲ ಸಿಟ್ಟೂ ಇತ್ತು, ಮರುಕಾನೂ ಬಂತು. ಆದ್ರ ಸುಳ್ಳ ಹೇಳಿದ್ದು ಅವ, ನಾ ಅಲ್ಲ.

ಈಗ ಇದ್ರಿಸನ ಮಾತಿಗೆ ಬರ್ತೀನಿ.

ಇದ್ರಿಸ್ ಸುಡಾನಿನವ. ಉದ್ದ ಅಂದ್ರ ಉದ್ದ, ನಮ್ಮ ಬಾಗಲದಾಗೆಲ್ಲಾ ಬಗ್ಗೇ ಬರಬೇಕು. ಎರಡ ವರ್ಷದಾಗ ನಮ್ಮ ದಖ್ಖನಿ ಉರ್ದು ಕಲತಿದ್ದ, ಒಂದಿಷ್ಟು ಕನ್ನಡಾನೂ ಬರ್ತಿತ್ತು. ಅವ ಇದ್ದದ್ದು ಕಲ್ಯಾಣದ ಹೊರಗ, ಮಂಠಾಳ ರಸ್ತೆದ ಬಾಜೂ, ಕಾಶೀಬಾಯಿ ಅನ್ನೋ ಹೆಣ್ಮಗಳ ಮನ್ಯಾಗ. ಗಂಡ ಇಲ್ಲ, ಒಂದು ತುಂಡು ಹೊಲಾ ಅದ, ಗೋಡಿ ಮ್ಯಾಲ ಬುದ್ಧನ ಫೋಟೋ. ನನಗ ಅಲ್ಲೇ ತಲಿ ತಿರಗಿತು. ಮುಸಲ್ಮಾನ ಹುಡುಗ, ಊರಾಗ ಇಷ್ಟು ಮೊಹಲ್ಲಾ ಅದಾವ, ಕರದು ಮನಿ ಕೊಡೋರು ಅದಾರ, ಅದನ್ನೆಲ್ಲಾ ಬಿಟ್ಟು ಊರ ಹೊರಗ ಇಲ್ಲಿ ಯಾಕ ಬಂದ? ಕೇಳಿದೆ. ಇಲ್ಲಿ ಕಿಟಕಿ ತಗದ್ರ ಜೋಳಾ ಕಾಣಸ್ತದ, ನಮ್ಮೂರಾಗೂ ಹಿಂಗೇ ಅಂದ. ಜೋಳಾ ನೋಡಾಕ ಯಾರರ ಮನಿ ಹಿಡೀತಾರೇನು? ನಾ ನಂಬಲಿಲ್ಲ.

ಒಲಿ ನೋಡಿದೆ. ಅವನ ಸ್ಟೋವ್ ತಣ್ಣಗ ಬಿದ್ದಿತ್ತು, ಮ್ಯಾಲ ಧೂಳ. ಇವನೂ ಮುಂಬೈ ಗಿರಾಕಿ ಅಂದ್ಕೊಂಡು ಬಾಜೂ ಮನಿಯವರನ್ನ ಕೇಳಿದೆ. ಅವ ಕಾಶೀಬಾಯಿ ಒಲಿ ಮುಂದೇ ಉಣತಾನ, ರೊಟ್ಟಿನೂ ಬಡೀತಾನ, ಅಕಿಗಿಂತ ತೆಳ್ಳಗ ಬಡೀತಾನ ಅಂದ್ರು. ಅವರ ದೇಶದಾಗೂ ಜೋಳದ್ದೇ ರೊಟ್ಟಿಯಂತ. ಕರೀಂ ಸಾಹೇಬ್ರ ಪಾಠದಾಗ ಇದು ಇರಲಿಲ್ಲ. ಅವರು ಆಗಲೇ ರಿಟೈರ್ ಆಗಿ ಹೋಗಿದ್ರು, ಕೇಳೋಣಂದ್ರ ಇಲ್ಲ. ಅವರ ಜಾಗಾಕ್ಕ ಮೈಸೂರು ಕಡೆಯವರೊಬ್ಬರು ಬಂದಿದ್ರು. ಭಾಳ ನೀಟು ಮನಷ್ಯಾ, ಒಂದು ಚಹಾನೂ ಯಾರ ಕಡಿಂದ ಕುಡೀತಿರಲಿಲ್ಲ, ಕಾಯ್ದೆ ಅಂದ್ರ ಕಾಯ್ದೆ.

ಶ್ರಾವಣದ ಮುಂಚಿ ಒಂದ ದಿನ ನಾ ಬಸ್ಸಿನಾಗ ಕಿಟಕಿ ಕಡೆ ಕುಂತು ಕಲ್ಯಾಣಕ್ಕ ಹೊಂಟಿದ್ದೆ. ಇದ್ರಿಸನ ಪರವಾನಗಿ ಮುಂದುವರಿಸೋ ಅರ್ಜಿ ಬಂದು ನನ್ನ ಮಾತಿಗಾಗಿ ಕಾಯಾಕತ್ತಿತ್ತು. ಇನ್ನೊಂದು ವರ್ಷ ಓದಿದ್ರ ಅವನ ಓದು ಮುಗೀತದ. ಕಲ್ಯಾಣ ಸಮೀಪ ಬರಾಕ, ರಸ್ತೆದ ಬಾಜೂ ಜೋಳದ ಹೊಲದಾಗ ಹೆಣ್ಮಕ್ಕಳು ಸಾಲ ಹಿಡದು ಕಸಾ ತಗಿಯಾಕತ್ತಿದ್ರು. ಆ ಸಾಲಿನಾಗ ಒಂದು ಬೆನ್ನು ಎಲ್ಲಾರಕಿಂತ ಎತ್ತರ ಕಾಣಸ್ತು. ಕಂಡಕ್ಟರಗ ಹೇಳಿ ಅಲ್ಲೇ ಇಳದೆ.

ಬದುವಿನ ಮ್ಯಾಲ ನಿಂತು ನೋಡಿದ್ರ ಇದ್ರಿಸನೇ. ಕೈಯಾಗ ಕುರ್ಪಿ, ಪ್ಯಾಂಟು ಮೊಳಕಾಲ ತನಕ ಮಡಚ್ಯಾನ, ಜೋಳದ ಬೇರು ಅಲಗದಂಗ ಕಸಾ ಕೀಳಾಕತ್ತಾನ. ಹೊಸಬನ ಕೈ ಅಲ್ಲ ಅದು. ಹೊಲಾ ಕಾಶೀಬಾಯಿದೂ ಅಲ್ಲ, ತುಳಜಮ್ಮ ಅನ್ನೋ ಇನ್ನೊಬ್ಬಾಕಿದು. ಅಲ್ಲೇ ಹೊಲದಾಗ ನಿಂತಿದ್ದ ತುಳಜಮ್ಮನ್ನ ಕೇಳಿದೆ, ದಿನಕ್ಕ ಏನ ಕೊಡ್ತೀ ಅಂತ. ಅಕಿ, ಕೊಡೋದೇನ್ರಿ, ಮುಯ್ಯಿಗೆ ಬಂದಾನ ಅಂದಳು.

ಮುಯ್ಯಿ ಅಂದ್ರ ನಿಮ್ಮಾಗ ಊರು ಬಿಟ್ಟು ಬೆಳದವರಿಗೆ ತಿಳೀಲಿಕ್ಕಿಲ್ಲ. ಇವತ್ತ ನಾವೆಲ್ಲಾ ನಿನ್ನ ಹೊಲಕ್ಕ ಬರ್ತೀವಿ, ನಾಳೆ ನೀ ನಮ್ಮ ಹೊಲಕ್ಕ ಬರಬೇಕು. ಕೂಲಿ ಇಲ್ಲ. ಯಾರ ಹೊಲಾ ಇರ್ತದ ಅವರು ಮಧ್ಯಾಹ್ನದ ರೊಟ್ಟಿ ತರ್ತಾರ. ಕಾಶೀಬಾಯಿ ಹೊಲದಾಗ ಎಲ್ಲಾರೂ ಬಂದು ಕಸಾ ತಗದಿದ್ರು, ಆಮ್ಯಾಲ ಅಕಿ ಬಾವಿ ಹಂತೇಕ ಜಾರಿ ಬಿದ್ದು ಕೈ ಉಳಕಿಸ್ಕೊಂಡಿದ್ದಳು. ತನ್ನ ಪಾಳಿ ತಪ್ತದ ಅಂತ ಒದ್ದಾಡಾಕತ್ತಿದ್ಲಂತ. ಅದನ್ನ ನೋಡಿ ಇದ್ರಿಸ್ ಕುರ್ಪಿ ತಗೊಂಡು ಬಂದಿದ್ದ.

ಅವ ಬೆನ್ನ ನೆಟ್ಟಗ ಮಾಡಿ ನನ್ನ ನೋಡಿದ. ಬೆವರು ಒರಸಿಕೊಂಡು ಬದುವಿಗೆ ಬಂದ. ಜಮಾದಾರ ಸಾಬ್, ಇದನ್ನ ಬರೀತೀರೇನು ಅಂತ ದಖ್ಖನಿಯೊಳಗ ಕೇಳಿದ. ಬರೀತೀನಿ ಅಂದೆ. ಅವನ ಕಾಲೇಜಿನ ಪುಸ್ತಕದ ಚೀಲಾ ಬದುವಿನ ಮ್ಯಾಲ ಇತ್ತು, ಅದಕ್ಕ ಇರುವಿ ಹತ್ತ್ಯಾವೇನು ಅಂತ ಝಾಡಿಸಿ ನೋಡಿ ತಿರಗಿ ಸಾಲಿಗೆ ಹೋದ.

ಬರದೆ. ಯಾಕ ಬರೀಬಾರದು? ಕಂಡದ್ದು ಬರಿಯಾಕೇ ನನಗ ಪಗಾರ. ಪರದೇಶಿ ವಿದ್ಯಾರ್ಥಿ ಬ್ಯಾರೆಯವರ ಹೊಲದಾಗ ಕೆಲಸಾ ಮಾಡಿದ್ದು ಕಂಡೆ, ಕೂಲಿ ಇಲ್ಲ ಮುಯ್ಯಿ ಅಂತ ಹೇಳಿದ್ರು, ಖಾತ್ರಿ ಇಲ್ಲ, ಇಷ್ಟು. ಹೊಸಾ ಇನ್‌ಸ್ಪೆಕ್ಟರ್ ಸಾಹೇಬ್ರು ಓದಿ, ಇದು ನೇರವಾಗಿ ಷರತ್ತು ಮುರಿದ ಹಾಗೆ ಅಂದ್ರು. ಆದ್ರೂ ಕೇಳದೇ ಬರಿಯೋ ಮನಷ್ಯಾ ಅಲ್ಲ ಅವರು. ಮರುದಿನಾನೇ ಜೀಪು ತಗಸಿ ನನ್ನ ಕರಕೊಂಡು ಹೊಂಟ್ರು.

ನಾವು ಹೋದಾಗ ಹೊಲದಾಗ ಊಟದ ಹೊತ್ತು. ಎಲ್ಲಾರೂ ಬೇವಿನ ಗಿಡದ ಕೆಳಗ ಕುಂತು ರೊಟ್ಟಿ, ಪುಂಡಿಪಲ್ಯ ಉಣಾಕತ್ತಿದ್ರು. ಅವತ್ತೂ ಇದ್ರಿಸ್ ಇದ್ದ. ಅದೂ ತುಳಜಮ್ಮನ ಹೊಲದಾಗೇ. ಸಾಹೇಬ್ರು ನನ್ನ ಮಾರಿ ನೋಡಿದ್ರು, ನಾ ಇದ್ರಿಸನ ಮಾರಿ ನೋಡಿದೆ. ಅವನ ಕೈಯಾಗಿನ ತುತ್ತು ಕೈಯಾಗೇ ಉಳೀತು. ಕಾಶೀಬಾಯಿ ಉಳಕಿದ ಕೈ ಎದಿಗೆ ಕಟಗೊಂಡು ಎದ್ದು ನಿಂತಳು.

ಸಾಹೇಬ್ರು ಶಾಂತ ಇದ್ದೇ ಒಂದೊಂದ ಕೇಳಾಕತ್ತಿದ್ರು. ಊಟ ಕೊಟ್ಟರೆ ಅದೂ ಕೂಲಿನೇ ಅಲ್ಲವೇ ಅಂದ್ರು. ತುಳಜಮ್ಮ, ಹೊಲಕ್ಕ ಬಂದವರಿಗೆ ರೊಟ್ಟಿ ಕೊಡಬಾರದೇನ್ರಿ, ನೀವೂ ಕುಂಡ್ರಿ, ನಿಮಗೂ ಕೊಡ್ತೀನಿ, ಅದು ಯಾವ ಕೂಲಿ ಅಂದಳು. ಸರಿ, ಕಾಶೀಬಾಯಿ ಬದಲಿಗೆ ಒಂದು ದಿನ ಬಂದ, ಅದು ತೀರಿತು, ಇವತ್ತು ಯಾರ ಬದಲಿಗೆ ಬಂದ ಅಂತ ಕೇಳಿದ್ರು. ಈ ಪ್ರಶ್ನೆ ನನಗೇ ಹೊಳದಿರಲಿಲ್ಲ, ಒಳಗೊಳಗ ಶಭಾಸ್ ಅಂದೆ. ಇದ್ರಿಸ್ ತಾನೇ ಹೇಳಿದ, ನಿನ್ನೆ ಅರ್ಧ ಹೊಲಾ ಉಳದಿತ್ತು, ಮ್ವಾಡ ಕವದಿತ್ತು, ಮಳಿ ಬಂದ್ರ ಕಸಾ ಮತ್ತ ಏಳ್ತದ, ಕಾಲೇಜ್ ಸೂಟಿ ಇತ್ತು, ಬಂದೆ ಅಂತ.

"ಹಾಗಾದರೆ ಈ ದಿನದ್ದು ಅವನಿಗೆ ನೀವು ಕೊಡೋದಿದೆ. ಏನು ಕೊಡ್ತೀರಿ?" ಅಂದ್ರು ಸಾಹೇಬ್ರು.

ಅಲ್ಲಿಗೆ ಮುಗೀತು ಅಂದ್ಕೊಂಡೆ. ರೊಕ್ಕ ಅಂದ್ರ ಕೂಲಿ. ಕಾಳು ಅಂದ್ರೂ ಕೂಲಿ. ಇದ್ರಿಸನ ಅರ್ಜಿ ಮ್ಯಾಲ ಒಂದೇ ಮಾತು ಬರದ್ರ ಸಾಕು, ಅವಗೂ ಹೈದರಾಬಾದಿನ ಬಸ್ಸು. ಅವ ಅಷ್ಟು ತಿಳಕೊಂಡಿದ್ದ, ತಲಿ ಕೆಳಗ ಹಾಕಿ ಕುಂತಿದ್ದ.

ತುಳಜಮ್ಮಗ ಮಾತ್ರ ಸಿಟ್ಟು ಬಂದಿತ್ತು. "ಮುಯ್ಯಿ ಯಾರರ ರೊಕ್ಕಾ ಕೊಟ್ಟು ತೀರಿಸ್ತಾರೇನ್ರಿ? ಒಂದ ದಿನ ಬಂದಾನ, ನಾ ಒಂದ ದಿನ ಅವನ ಹೊಲಕ್ಕ ಹೋಗಬೇಕು."

"ಅವನಿಗೆ ಇಲ್ಲಿ ಹೊಲ ಎಲ್ಲಿದೆ?"

"ಇಲ್ಲಿ ಇಲ್ಲ ಖರೆ. ಅವರಪ್ಪಂದು ಅದಲ್ರಿ ಅವನ ಊರಾಗ. ಜೋಳದ್ದೇ ಹೊಲಾ."

ಸಾಹೇಬ್ರು ನಗಲಿಲ್ಲ. ನಕ್ಕಿದ್ರ ಕತಿ ಬ್ಯಾರೆ ಆಗ್ತಿತ್ತು. ಅವರು ಉಳದ ಹೆಣ್ಮಕ್ಕಳ ಕಡೆ ತಿರಗಿ, ಈಕೆ ಅಷ್ಟು ದೂರ ಹೋಗಿ ತೀರಿಸ್ತಾಳೆ ಅಂತ ನೀವು ನಂಬ್ತೀರಾ ಅಂತ ಕೇಳಿದ್ರು. ಒಬ್ಬ ಮುದುಕಿ ಬಾಯಾಗಿನ ರೊಟ್ಟಿ ನುಂಗಿ, "ಹೋಗದೇ ಏನ ಮಾಡ್ತಾಳ್ರಿ? ಬಾಕಿ ಇಟಗೊಂಡ್ರ ಅಕಿ ಹೊಲಕ್ಕ ಮತ್ತ ಯಾರ ಬರ್ತಾರ?" ಅಂದಳು. ಇನ್ನೊಬ್ಬಾಕಿ ಹೌದಂತ ತಲಿ ಹಾಕಿದಳು. ಸಾಹೇಬ್ರು ನನಗ, ಕೂಲಿಗೆ ದುಡಿದದ್ದಕ್ಕೆ ಪುರಾವೆ ಇಲ್ಲ ಅಂತ ಬರೀರಿ ಅಂದ್ರು. ಇದ್ರಿಸಗ, ಇನ್ನು ಪರೀಕ್ಷೆ ಮುಗಿಯೋವರೆಗೆ ಕುರ್ಪಿ ಮುಟ್ಟಬೇಡ ಅಂದ್ರು. ಅವ ಎದ್ದು ನಿಂತು ಎರಡೂ ಕೈ ಎದಿ ಮ್ಯಾಲ ಇಟ್ಟ.

ಜೀಪಿನಾಗ ಸಾಹೇಬ್ರು ಸಮಾಧಾನ ಇದ್ರು. ನಾ ಇರಲಿಲ್ಲ. ಇಷ್ಟು ಸರಿಯಾದ ಜವಾಬು ಹೊಲದಾಕಿ ಬಾಯಾಗ ತಾನಾಗೇ ಬರ್ತದೇನು? ಹಾಜರಿ ಹಾಕೋ ಆ ಕಾರಕೂನನೇ ಕಲಿಸಿರಬೇಕು ಅಂತ ಅವನ ಬೆನ್ನ ಹತ್ತಿದೆ. ಅವಗ ಮುಯ್ಯಿನೂ ಗೊತ್ತಿಲ್ಲ, ತುಳಜಮ್ಮನೂ ಗೊತ್ತಿಲ್ಲ. ಕಾಶೀಬಾಯಿ ಮನಿಗೆ ವಕೀಲರು ಯಾರರ ಬಂದಿದ್ರೇನು ಅಂತ ಬಾಜೂದವರನ್ನ ಕೇಳಿದೆ, ಇಲ್ಲ. ಹುಡುಗನೇ ಹೇಳಿಕೊಟ್ಟಿರಬೇಕು ಅಂದ್ಕೊಂಡೆ, ಅದಕ್ಕ ಆಧಾರ ಸಿಗಲಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕ ಇಲ್ಲ ಅಂತಲ್ಲ. ಮನಸ್ಸಿನಾಗ ಆ ಮುಳ್ಳು ಹಾಂಗೇ ಇಟಕೊಂಡೆ.

ಇದ್ರಿಸನ ಪರವಾನಗಿ ಬಂತು. ಅವ ಓದಿದ, ಪಾಸಾದ, ಹೋದ. ಹೋಗೂವಾಗ ಹುಮನಾಬಾದಿನಾಗ ಬಸ್ ಬದಲಿಸಬೇಕಾಗಿತ್ತು, ಆಫೀಸಿಗೆ ಬಂದು ನನ್ನ ಕೈ ಹಿಡದು ಕುಲುಕಿದ. ಚೀಲಾ ನೋಡ್ಲೇನು ಅಂದೆ. ನಗಕೋತ ತಗದು ತೋರಿಸಿದ. ಪುಸ್ತಕದ ಮ್ಯಾಲ ಅರಿವಿಯೊಳಗ ಕಟ್ಟಿದ ಕಾಶೀಬಾಯಿ ರೊಟ್ಟಿ ಇದ್ದವು.

ಆಮ್ಯಾಲ ಬಂದ ಮಳಿಗಾಲದಾಗ, ಒಂದ ದಿನ ಮುಂಜಾನೆ ತುಳಜಮ್ಮ ನಮ್ಮ ಆಫೀಸಿನ ಬಾಗಲದಾಗ ನಿಂತಿದ್ದಳು. ಹಿಂದ ಕಾಶೀಬಾಯಿ. ಇಬ್ಬರೂ ಮೊದಲನೇ ಬಸ್ಸಿಗೆ ಬಂದಿದ್ರು. ತುಳಜಮ್ಮ ಸೆರಗಿನ ಗಂಟು ಬಿಚ್ಚಿ ಕಲ್ಯಾಣದ ಸ್ಟುಡಿಯೋದಾಗ ತಗಿಸಿದ ಎರಡು ಸಣ್ಣ ಫೋಟೋ ನನ್ನ ಟೇಬಲ್ ಮ್ಯಾಲ ಇಟ್ಟಳು. ಫೋಟೋದಾಗ ಕಣ್ಣು ದೊಡ್ಡದು ಮಾಡಿ ಕುಂತಿದ್ದಳು.

ಇದೇನು ಅಂದೆ. ಆ ಹುಡುಗನ ಊರಿಗೆ ಹೋಗಾಕ ಕಾಗದಾ ಮಾಡಿಸಬೇಕ್ರಿ ಅಂದಳು. ಅವ ಇಲ್ಲಿ ಇರೂತನಕ ಯಾರೂ ಏನೂ ಅಂದಿರಲಿಲ್ಲಂತ. ಈಗ ಕಸಾ ತಗಿಯಾಕ ಬರ್ರಿ ಅಂತ ಕರಿಯಾಕ ಹೋದ್ರ, ಮೊದಲ ಆ ಹುಡುಗಂದು ತೀರಿಸಿ ಬಾ ಅಂತ ನಗತಾರಂತ. ನಗತಾರ ಖರೆ, ಆದ್ರ ಇಬ್ಬರು ಬರಲೇ ಇಲ್ಲಂತ. ಹೇಳಬೇಕಾದ್ರ ಅಕಿ ಕಣ್ಣಾಗ ನೀರು ಬಂದಿತ್ತು. ನಾ ಕಾಶೀಬಾಯಿ ಮಾರಿ ನೋಡಿದೆ, ಮತ್ತ ತುಳಜಮ್ಮನ ಮಾರಿ ನೋಡಿದೆ. ಇಷ್ಟು ವರ್ಷ ಮಂದಿ ಮಾರಿ ಓದಿ ಉಂಡವ ನಾ. ಹುಡುಕಿದೆ, ಏನೂ ಸಿಗಲಿಲ್ಲ. ಅಕಿ ಹೊಲದಾಗ ಅಂದದ್ದು ಅ ಇಂದ ಳ ತನಕ ಖರೆನೇ ಇತ್ತು.

ಕುರ್ಚಿ ಕೊಟ್ಟು ಕುಂಡರಿಸಿ ತಿಳಿಸಿ ಹೇಳಿದೆ. ಪಾಸ್‌ಪೋರ್ಟ್ ಆಗಬೇಕು, ಆಮ್ಯಾಲ ಅವರ ದೇಶದ ವಿಸಾ ಆಗಬೇಕು, ವಿಮಾನ ಹತ್ತಬೇಕು, ಅದು ಸಮುದ್ರದ ಆ ಕಡೆ. ಎಲ್ಲಾದಕ್ಕೂ ಹೂಂ ಅಂದಳು. ವಿಸಾ ಕೊಡೋರು ಯಾಕ ಹೋಗಾಕತ್ತೀ ಅಂತ ಕೇಳ್ತಾರ ಅಂದೆ.

"ಹೊಲದಾಗ ಕೆಲಸಾ ಮಾಡಾಕ. ಒಂದೇ ದಿನ. ಮತ್ತ ಬರ್ತೀನಿ."

"ಬಾಯಿ, ಕೆಲಸಕ್ಕ ಅಂತ ಮಾತ್ರ ಹೇಳಬ್ಯಾಡ," ಅಂದೆ. "ಅಲ್ಲೀನೂ ನನ್ನಂಥವ ಒಬ್ಬ ಇರ್ತಾನ."

ಅಕಿ ಫೋಟೋ ನನ್ನ ಕಡೆ ಇನ್ನೊಂಚೂರು ಸರಿಸಿದಳು. "ಇದ್ರ ಇರಲ್ರಿ ಜಮಾದಾರ್ರ. ನಿಮಗ ಹೇಳಿದ್ರ ನಿಮಗ ತಿಳೀಲಿಲ್ಲೇನು? ಅವಗೂ ತಿಳೀತದ."